ಕೈ ನಡುಗಿದರೂ ಮಸೆದ ದೇವೀರಿ

ಬಹಳ ಬಹಳ ಹಿಂದೆ, ಬೆಟ್ಟಗಳು ಇನ್ನೂ ಒಂದರೊಡನೊಂದು ಮಾತನಾಡುತ್ತಿದ್ದ ಕಾಲದಲ್ಲಿ, ಕಂಚಿನಕೋಟೆ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಧೂಮಕೇಶನೆಂಬ ಮಾಂತ್ರಿಕ ಬಂದ. ಅವನ ತಲೆಯಲ್ಲಿ ಕೂದಲಿನ ಬದಲು ಹೊಗೆ ಬೆಳೆಯುತ್ತಿತ್ತು. ಅವನು ಅರಮನೆಯ ಅಂಗಳದಲ್ಲಿ ಒಂದು ಕರಿಯ ಬೀಜ ನೆಟ್ಟ. ಬೀಜ ಮೊಳೆತು ಬಳ್ಳಿಯಾಯಿತು. ಬಳ್ಳಿ ಅರಸನನ್ನು ಸಿಂಹಾಸನದ ಸಮೇತ ಸುತ್ತಿತು. ಆಮೇಲೆ ಬೀದಿಬೀದಿಗೆ ಹಬ್ಬಿ ಬಾವಿಗಳ ನೀರನ್ನೆಲ್ಲ ಕುಡಿಯತೊಡಗಿತು.

ಆ ಬಳ್ಳಿಗೆ ಬೆಂಕಿ ತಾಗುತ್ತಿರಲಿಲ್ಲ. ಮೊಂಡು ಕತ್ತಿಯಿಂದ ಹೊಡೆದರೆ ಒಂದು ಕುಡಿ ಎರಡಾಗುತ್ತಿತ್ತು. ಹರಿತವಾದ ಅಲಗಿನಿಂದ ಒಂದೇ ಏಟಿಗೆ ಕಡಿದರೆ ಮಾತ್ರ ಸಾಯುತ್ತಿತ್ತು. ಧೂಮಕೇಶನಿಗೆ ಇದು ಗೊತ್ತಿತ್ತು. ಅದಕ್ಕೇ ಅವನು ಕೋಟೆಯ ಮೇಲೆ ನಿಂತು ಶಾಪ ಹಾಕಿದ.

"ಈ ರಾಜ್ಯದಲ್ಲಿ ಯಾರು ಮಸೆಗಲ್ಲು ಮುಟ್ಟಿದರೂ ಅವರ ಕೈ ನಡುಗಲಿ!"

ಹಾಗೇ ಆಯಿತು. ಹೆಸರಾಂತ ಕಮ್ಮಾರರು ಕಲ್ಲು ಮುಟ್ಟಿದರೂ ಕೈ ಗಡಗಡ ನಡುಗುತ್ತಿತ್ತು. ಅಲಗು ಒಮ್ಮೆ ಮೇಲಕ್ಕೆ ವಾಲಿ, ಒಮ್ಮೆ ಕೆಳಕ್ಕೆ ವಾಲಿ, ಅಂಚು ದುಂಡಗಾಗುತ್ತಿತ್ತು. ಊರಿನ ಕತ್ತಿ, ಕುಡುಗೋಲು, ಈಳಿಗೆಮಣೆ ಎಲ್ಲವೂ ಮೊಂಡಾದವು.

ಅರಮನೆಯ ಅಡುಗೆಮನೆಯಲ್ಲಿ ಮಂಚವ್ವ ಎಂಬ ಹೆಂಗಸಿದ್ದಳು. ಅವಳು ಧೂಮಕೇಶನ ಮುಖಕ್ಕೇ ಹೇಳಿದಳು: "ನಿನಗೆ ನಾನು ಅನ್ನ ಬೇಯಿಸುವುದಿಲ್ಲ." ಅವನು ಬೆರಳಾಡಿಸಿದ. ಬಳ್ಳಿ ಬಂದು ಅವಳನ್ನು ಕಂಬಕ್ಕೆ ಬಿಗಿಯಿತು. ದಿನದಿಂದ ದಿನಕ್ಕೆ ಅದು ಇನ್ನಷ್ಟು ಬಿಗಿಯಾಗುತ್ತ ಹೋಯಿತು.

ಮಂಚವ್ವನ ಮಗಳು ದೇವೀರಿ. ಒಲೆ ಹಚ್ಚುವುದು, ನೀರು ಸೇದುವುದು ಬಿಟ್ಟರೆ ಬೇರೆ ಕೆಲಸ ತಿಳಿಯದವಳು.

"ಅವ್ವಾ, ನಿನ್ನ ಚೂರಿಯನ್ನು ನಾನು ಮಸೆದು ತರುತ್ತೇನೆ," ಎಂದಳು ದೇವೀರಿ.

"ನಿನಗೆ ಮಸೆಯಲು ಬರುವುದಿಲ್ಲವಲ್ಲ ಮಗಳೇ."

"ಬರುವವರಿಗೆ ಬಾರದ ಹಾಗೆ ಮಾಡಿದ್ದಾನೆ. ಬಾರದವಳಿಗೆ ಇನ್ನೇನು ಮಾಡಿಯಾನು?"

ಮಂಚವ್ವನಿಗೆ ಆ ನೋವಿನಲ್ಲೂ ನಗು ಬಂತು. "ಹಾಗಾದರೆ ಕೇಳು. ಕಲ್ಲುಕಾಡಿನಲ್ಲಿ ಮೂರು ಮಾಯಾಪ್ರಾಣಿಗಳಿವೆ. ಮೂರರ ಹತ್ತಿರವೂ ಒಂದೊಂದು ಸಾಣೆಯಿದೆ. ಯಾವುದು ಒಳ್ಳೆಯದೋ ನಾನರಿಯೆ. ನೀನೇ ನೋಡಿ ಆರಿಸು. ಚೂರಿ ಜೋಪಾನ."

ದೇವೀರಿ ಅವ್ವನ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂಲೆಯಲ್ಲಿ ಬಿದ್ದಿದ್ದ ಎರಡು ಹಳೆಯ ಚೂರಿಗಳನ್ನೂ ಸೆರಗಿಗೆ ಕಟ್ಟಿಕೊಂಡಳು. ಒಳ್ಳೆಯ ಚೂರಿಯ ಮೇಲೆ ಮೊದಲ ಪಾಠ ಬೇಡ ಎಂದುಕೊಂಡು ಕಾಡಿಗೆ ನಡೆದಳು.

ಮೊದಲು ಸಿಕ್ಕಿದ್ದು ಬಂಗಾರದ ಕೋರೆಯ ಹಂದಿ. ಅದರ ಮುಂದೆ ಸಾಣೆಚಕ್ರವೊಂದು ತಾನೇ ತಾನಾಗಿ ಗಿರ್ರೆಂದು ತಿರುಗುತ್ತಿತ್ತು.

"ಕೊಡು ಚೂರಿ! ಕಣ್ಣು ಮಿಟುಕಿಸುವುದರೊಳಗೆ ಹರಿತ!" ಎಂದಿತು ಹಂದಿ.

ದೇವೀರಿ ಹಳೆಯ ಚೂರಿಯೊಂದನ್ನು ಚಕ್ರಕ್ಕೆ ಹಿಡಿದಳು. ಕೈ ನಡುಗಿತು. ಕಿಡಿ ಹಾರಿತು. ಅಲಗು ಕಾದು ನೀಲಿಯಾಯಿತು, ಸವೆದು ಸವೆದು ಸೂಜಿಯಷ್ಟಾಯಿತು.

"ಇದಕ್ಕೆ ಪಳಗಿದ ಕೈ ಬೇಕು. ನನ್ನದು ಹೊಸ ಕೈ, ಅದರ ಮೇಲೆ ಶಾಪದ ಕೈ. ನನಗೆ ಬೇಡ," ಎಂದಳು.

ಹಂದಿ ದಾರಿಗೆ ಅಡ್ಡ ನಿಂತಿತು. "ಸೊಂಟದಲ್ಲಿರುವ ಚೂರಿ ಕೊಡದೆ ಇಲ್ಲಿಂದ ಯಾರೂ ಹೋಗುವುದಿಲ್ಲ!"

"ನಾನು ಹೋಗುತ್ತೇನೆ," ಎಂದು ದೇವೀರಿ ನೆಟ್ಟಗೆ ಅದರ ಕಡೆಗೇ ನಡೆದಳು. ಹಾಗೆ ಎದುರಿಗೆ ಬಂದವರನ್ನು ಹಂದಿ ಎಂದೂ ಕಂಡಿರಲಿಲ್ಲ. ಅದೇ ಪಕ್ಕಕ್ಕೆ ಸರಿಯಿತು.

ಎರಡನೆಯದು ಕೊಳದ ದಡದ ಮೊಸಳೆ. "ನನ್ನ ಹಲ್ಲುಗಳ ಸಂದಿಯಲ್ಲಿ ಚೂರಿ ಇಟ್ಟು ಎಳೆ. ಕಲಿಯುವುದೇ ಬೇಡ," ಎಂದು ಬಾಯಿ ತೆರೆಯಿತು.

ದೇವೀರಿ ಎರಡನೆಯ ಹಳೆಯ ಚೂರಿಯನ್ನು ಎಳೆದಳು. ಕರಕರ ಸದ್ದಾಯಿತು. ಚೂರಿ ನಿಜವಾಗಿಯೂ ಹರಿತವಾಯಿತು! ಕೊಳದ ಜೊಂಡೊಂದನ್ನು ಕಡಿದಳು, ಸರಕ್ಕನೆ ತುಂಡಾಯಿತು. ಇನ್ನೊಂದು ಕಡಿದಳು, ಸ್ವಲ್ಪ ತಡೆಯಿತು. ಮತ್ತೊಂದು ಹರಿದು ನಾರಾಯಿತು. ಅಂಚು ನೋಡಿದರೆ ಗರಗಸದಂತೆ ಕಿತ್ತುಹೋಗಿತ್ತು.

"ಮತ್ತೆ ಎಳೆ, ಮತ್ತೆ ಹರಿತವಾಗುತ್ತದೆ. ಅಷ್ಟು ಸಾಲದೇ?" ಎಂದಿತು ಮೊಸಳೆ.

"ಒಂದು ಕುಡಿಗೆ ಸಾಕು. ನನ್ನ ಊರಿನ ತುಂಬ ಬಳ್ಳಿಯಿದೆ. ನನಗೆ ಬೇಡ." ಮೊಸಳೆ ಬಾಯಿ ಮುಚ್ಚುವುದರೊಳಗೆ ಅವಳು ದಡ ದಾಟಿದ್ದಳು.

ಮೂರನೆಯದು ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮುದಿ ಆಮೆ. ಅದರ ಬೆನ್ನ ಮೇಲೆ ಮರದ ಚೌಕಟ್ಟೊಂದಿತ್ತು. ಅದರಲ್ಲಿ ಚೂರಿಯನ್ನು ಅಲುಗದಂತೆ ಕಚ್ಚಿ ಹಿಡಿಯುವ ಇಕ್ಕಳ. ಅದರಾಚೆ ಒಂದು ಗೂಟ, ಗೂಟದಲ್ಲಿ ತೂತು, ತೂತಿನೊಳಗೆ ಹಿಂದೆ ಮುಂದೆ ಜಾರುವ ಕಂಬಿ. ಮಸೆಗಲ್ಲನ್ನು ಆ ಕಂಬಿಗೇ ಕಟ್ಟಲಾಗಿತ್ತು.

"ಅಜ್ಜಾ, ಇದು ಬೇಗ ಮಸೆಯುತ್ತದೆಯೇ?"

"ಇಲ್ಲ."

"ನನ್ನ ಬದಲು ಮಸೆಯುತ್ತದೆಯೇ?"

"ಅದೂ ಇಲ್ಲ. ಮಸೆಯುವವಳು ನೀನೇ. ಕಲ್ಲು ದಾರಿ ತಪ್ಪದಂತೆ ಇದು ನೋಡಿಕೊಳ್ಳುತ್ತದೆ, ಅಷ್ಟೇ."

ದೇವೀರಿ ಕಂಬಿಯನ್ನು ಜಾರಿಸಿ ನೋಡಿದಳು. ಇಕ್ಕಳವನ್ನು ಅಲುಗಿಸಿ ನೋಡಿದಳು. ಕಿತ್ತುಹೋದ ಹಳೆಯ ಚೂರಿಯನ್ನೇ ಅದಕ್ಕೆ ಸಿಕ್ಕಿಸಿದಳು. "ಕಲ್ಲು ಎಷ್ಟು ಓರೆಯಾಗಿರಬೇಕು?"

"ಅಂಚಿಗೆ ಕಪ್ಪು ಹಚ್ಚಿ ಒಮ್ಮೆ ಉಜ್ಜು. ಕಪ್ಪು ಎಲ್ಲಿ ಅಳಿಯುತ್ತದೋ ಕಲ್ಲು ತಾಗುವುದು ಅಲ್ಲಿ."

ದೇವೀರಿ ಕಣ್ಣಿನ ಕಾಡಿಗೆಯನ್ನು ಬೆರಳಿಗೆ ತೆಗೆದು ಅಂಚಿಗೆ ಬಳಿದಳು. ಉಜ್ಜಿದರೆ ಮೇಲುಗಡೆ ಮಾತ್ರ ಅಳಿಯಿತು. ಕಂಬಿಯನ್ನು ಒಂದಿಷ್ಟು ಏರಿಸಿದಳು. ಆಗ ಕಾಡಿಗೆ ಅಂಚಿನ ತುದಿಯವರೆಗೂ ಅಳಿಯಿತು. ಕೈ ನಡುಗುತ್ತಲೇ ಇತ್ತು. ಕಲ್ಲು ಮಾತ್ರ ನೇರ ಹೋಯಿತು, ನೇರ ಬಂತು. ಗರಗಸದಂತಿದ್ದ ಅಂಚು ನುಣುಪಾಯಿತು.

"ಅಜ್ಜಾ, ನನಗೆ ಇದು ಬೇಕು," ಎಂದಳು. ಅವ್ವನ ಚೂರಿಯನ್ನು ಸೊಂಟದಿಂದ ತೆಗೆದು ಇಕ್ಕಳಕ್ಕೆ ಸಿಕ್ಕಿಸಿದಳು.

ಆಗ ಕಾಡೆಲ್ಲ ಹೊಗೆಯಾಯಿತು. ಹೊಗೆಯೊಳಗಿಂದ ಧೂಮಕೇಶ ಬಂದ.

"ಒಲೆ ಊದುವ ಹುಡುಗಿ ಮಸೆಯುತ್ತಾಳಂತೆ! ನಿನ್ನ ಕೈ ನೋಡೇ!"

"ನೋಡುತ್ತಲೇ ಇದ್ದೇನೆ. ಕೈ ನಡುಗುತ್ತಿದೆ. ಕಲ್ಲು ನಡುಗುತ್ತಿಲ್ಲ."

ಧೂಮಕೇಶ ಶಾಪವನ್ನು ಇಮ್ಮಡಿ ಮಾಡಿದ. ಅವಳ ಹೆಗಲು ನಡುಗಿತು, ಹಲ್ಲು ಕಟಕಟ ಎಂದಿತು, ಕಣ್ಣಲ್ಲಿ ನೀರು ಬಂತು. ಆದರೂ ಅವಳು ಕಲ್ಲು ಬಿಡಲಿಲ್ಲ. ಅವನು ಚೌಕಟ್ಟಿನ ಮೇಲೆ ಮಂತ್ರ ಊದಿದ. ಏನೂ ಆಗಲಿಲ್ಲ.

"ನೀನು ಶಪಿಸಿದ್ದು ಕೈಯನ್ನು," ಎಂದಿತು ಆಮೆ. "ಮರಕ್ಕೆ ಕೈಯೆಲ್ಲಿದೆ?"

ಮಾಂತ್ರಿಕನಿಗೆ ಮೊದಲ ಬಾರಿ ಹೆದರಿಕೆಯಾಯಿತು. ಬಳ್ಳಿಯ ಬುಡ ಕಾಯಲು ಅವನು ಕೋಟೆಗೆ ಓಡಿದ.

ದೇವೀರಿ ಅವಸರ ಮಾಡಲಿಲ್ಲ. ಅಂಚಿನ ಉದ್ದಕ್ಕೂ ಆಚೆ ಬದಿಗೆ ಮಡಿಚಿದ ಲೋಹದ ಸಣ್ಣ ಎಳೆಯೊಂದು ಬೆರಳಿಗೆ ತಾಕುವವರೆಗೆ ಒಂದು ಬದಿ ಮಸೆದಳು. ಚೂರಿಯನ್ನು ಮಗುಚಿ ಇನ್ನೊಂದು ಬದಿ ಮಸೆದಳು. ಆಮೆ ಕೊಟ್ಟ ನುಣುಪು ಕಲ್ಲನ್ನು ಕಂಬಿಗೆ ಕಟ್ಟಿ ಮತ್ತೆ ಮಸೆದಳು. ಕೊನೆಗೆ ಚೌಕಟ್ಟಿಗೆ ಕಟ್ಟಿದ್ದ ಚರ್ಮದ ಪಟ್ಟಿಗೆ ಉಜ್ಜಿದಳು. ಮರದಿಂದ ಉದುರಿದ ಎಲೆಯೊಂದು ಅಲಗಿನ ಮೇಲೆ ಬಿದ್ದು, ಸದ್ದಿಲ್ಲದೆ ಎರಡಾಯಿತು.

ಆಮೆ ಚೌಕಟ್ಟನ್ನು ಅವಳಿಗೇ ಕೊಟ್ಟಿತು. ಅವಳು ಅದನ್ನು ಹೊತ್ತು ಊರಿಗೆ ಬಂದು ಒಂದೇ ಏಟಿಗೆ ಅವ್ವನ ಕಟ್ಟು ಕಡಿದಳು. ಬಳ್ಳಿ ಕಿರುಚಿತು. ಮಂಚವ್ವ ಮಗಳನ್ನು ಬಾಚಿ ತಬ್ಬಿಕೊಂಡಳು. ಆದರೆ ಬೀದಿಗಳ ತುಂಬ ಬಳ್ಳಿ ಹಾಗೇ ಇತ್ತು. ಒಬ್ಬಳಿಂದ ಮುಗಿಯುವ ಕೆಲಸವಲ್ಲ ಅದು.

ದೇವೀರಿ ಸಂತೆಕಟ್ಟೆಯ ಮೇಲೆ ಚೌಕಟ್ಟು ಇಟ್ಟು ಕೂಗಿದಳು: "ಬನ್ನಿ! ಕೈ ನಡುಗಿದರೆ ನಡುಗಲಿ, ನಡುಗುವ ಕೈಯಿಂದಲೇ ಮಸೆಯೋಣ!"

ಮುದಿ ಕಮ್ಮಾರ ಪುಟ್ಟಾಚಾರಿ ಎಲ್ಲರಿಗಿಂತ ಮೊದಲು ಬಂದ. ಕಲ್ಲು ನೇರ ಹೋಗುವುದನ್ನು ಕಂಡು ಅವನ ಕಣ್ಣು ತುಂಬಿತು. "ಎಷ್ಟು ಕಾಲವಾಯಿತು ತಾಯೀ, ಈ ಸದ್ದು ಕೇಳಿ," ಎಂದ. ಬಡಗಿಗಳು ನೋಡಿ ನೋಡಿ ಅಂಥವೇ ಚೌಕಟ್ಟುಗಳನ್ನು ಮಾಡಿದರು. ಬೀದಿಬೀದಿಯಲ್ಲೂ ಮಸೆಯುವ ಸದ್ದು ಎದ್ದಿತು. ಧೂಮಕೇಶ ಕೋಟೆಯ ಮೇಲಿನಿಂದ "ನಿಲ್ಲಿಸಿ!" ಎಂದು ಅರಚಿದ. ಯಾರೂ ತಲೆ ಎತ್ತಲಿಲ್ಲ.

ಆಮೇಲೆ ಊರಿಗೆ ಊರೇ ಬಳ್ಳಿಯ ಮೇಲೆ ಬಿತ್ತು. ಒಂದೊಂದು ಕುಡಿ ಬಿದ್ದಾಗಲೂ ಮಾಂತ್ರಿಕನ ತಲೆಯ ಹೊಗೆ ಒಂದೊಂದು ಎಳೆ ಕರಗಿತು. ಕೊನೆಗೆ ಅವನು ಬುಡವನ್ನು ತಬ್ಬಿಕೊಂಡು ಕುಳಿತ. "ಬೇಡ ಕಣಮ್ಮಾ, ನಾನು ಹೋಗಿಬಿಡುತ್ತೇನೆ!"

"ಹೋಗು," ಎಂದು ದೇವೀರಿ ಬುಡ ಕಡಿದಳು. ಧೂಮಕೇಶ ಗಾಳಿಯಲ್ಲಿ ಕರಗಿಹೋದ. ಅದೇ ಗಳಿಗೆಗೆ ಊರಿನವರೆಲ್ಲರ ಕೈ ಸ್ಥಿರವಾಯಿತು, ಬಾವಿಗಳು ತುಂಬಿದವು, ಅರಸ ಸಿಂಹಾಸನದಿಂದ ಎದ್ದು ಮೈಮುರಿದ.

"ಅರ್ಧ ರಾಜ್ಯ ಕೊಡುತ್ತೇನೆ, ತೆಗೆದುಕೊ ಮಗಳೇ," ಎಂದ ಅರಸ.

"ರಾಜ್ಯ ನಿಮಗೇ ಇರಲಿ ಒಡೆಯಾ," ಎಂದಳು ದೇವೀರಿ. "ಮಸೆಯುವ ಕೈಯನ್ನು ತಡೆಯುವವರಿಗೆ ಮತ್ತೆಂದೂ ಬಾಗಿಲು ತೆರೆಯಬೇಡಿ."

ಅರಸ ತಲೆಬಾಗಿ ಒಪ್ಪಿದ. ಆ ದಿನ ಕಂಚಿನಕೋಟೆಯ ಮನೆಮನೆಯಲ್ಲೂ ಸೌತೆಕಾಯಿ, ಬದನೆಕಾಯಿ, ಕುಂಬಳಕಾಯಿ ಸರಸರನೆ ಹೋಳಾದವು. ಮಂಚವ್ವ ಸಾರು ಕುದಿಸಿದಳು. ಅರಸನಿಂದ ಹಿಡಿದು ಕೂಲಿಯವರವರೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡರು, ಹಾಗೇ ಬಹುಕಾಲ ಸುಖವಾಗಿ ಬಾಳಿದರು.