ಗಣಿಯೊಳಗಿನ ಕೆಮ್ಮು

ಒಬ್ಬ ಮಾಂತ್ರಿಕನ ಕಥೆ ಹೇಳುವ ಕಾದಂಬರಿಗಳನ್ನು ವಿಡಿಯೋ ಗೇಮ್ ಮಾಡಿದವರ ಮೇಲೆ ಅವನ್ನು ಓದಿದವರಿಗೆಲ್ಲ ಸಿಟ್ಟು. ಆಟಗಾರರು ಅಭಿಪ್ರಾಯ ಹೇಳುವ ಪುಟದ ತುಂಬ ಬೈಗುಳ. ನಾನೊಬ್ಬ ಮಾತ್ರ ಹೊಗಳಿದೆ: "ಪಾಳು ಗಣಿಗೆ ಇಳಿದಾಗ ಬೆನ್ನ ಹಿಂದೆ ಯಾರೋ ಕೆಮ್ಮುತ್ತಾರಲ್ಲ, ಅದೊಂದೇ ಸಾಕು."

ಅಲ್ಲಿ ಯಾವ ಕೆಮ್ಮೂ ಇಲ್ಲವೆಂದು ಎಲ್ಲರೂ ನಕ್ಕರು. ರೇಗಿಹೋಗಿ, ಮಟಮಟ ಮಧ್ಯಾಹ್ನ ಟಿವಿಯ ದನಿ ಜೋರು ಮಾಡಿ ಮತ್ತೆ ಆಡಿದೆ. ಕೆಮ್ಮು ಕೇಳಿತು. ಒಳಗೆ ರಾಗಿ ಕೇರುತ್ತಿದ್ದ ಅಜ್ಜಿ ಮುನಿಗಂಗಮ್ಮ ಮೊರ ಹಿಡಿದೇ ಓಡಿಬಂದಳು.

"ನಿಮ್ ತಾತ ಕಣ್ಲಾ! ಮೈನ್ಸಿಂದ ಬಂದ್ರೆ ಇಂಗೇ ಕೆಮ್ಮೋರು. ಬಿಸ್ನೀರು ಕುಡಿಯೋಗಂಟ ನಿಲ್ತಿರ್ಲಿಲ್ಲ."

ಕೆಜಿಎಫ್ ಗಣಿಯಲ್ಲಿ ದುಡಿದ ತಾತ ತೀರಿಹೋದಾಗ ನಾನಿನ್ನೂ ಹುಟ್ಟಿರಲಿಲ್ಲ. "ಅದು ಆಟದ ಸದ್ದು ಅಜ್ಜಿ" ಅಂದೆ. ಅವಳು ಕಿವಿಗೇ ಹಾಕಿಕೊಳ್ಳದೆ ಒಂದು ಲೋಟ ಬಿಸಿನೀರು ತಂದು ಟಿವಿಯ ಮುಂದಿಟ್ಟಳು.

"ಕುಡೀರಿ, ಆರೋಗ್ತೈತೆ" ಅಂದು ಸೆರಗು ಹೊದ್ದು ನಿಂತಳು.

ಬಾಗಿಲು ತೆರೆದೇ ಇದ್ದರೂ ಒಲೆಯ ಮುಂದೆ ಕೂತಂತೆ ಸೆಕೆಯಾಯಿತು; ಗಣಿಯ ಆಳದಲ್ಲೂ ಹೀಗೇ ಸೆಕೆಯಂತೆ. ಕೆಮ್ಮು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಲೋಟ ಖಾಲಿ. ತಳದಲ್ಲಿ ನುಣ್ಣನೆಯ ಬೂದು ಪುಡಿ. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ಗುಡ್ಡದ ದೂಳು ಗಾಳಿಗೆ ಹಾರಿ ನಮ್ಮೂರಿನ ಎಲ್ಲ ಪಾತ್ರೆಗೂ ಬೀಳುತ್ತದೆ, ಅದನ್ನು ನಾನು ದೊಡ್ಡದು ಮಾಡುವುದಿಲ್ಲ.

ಬಿಸಿನೀರಿನ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಾರನೆಯ ದಿನ ನನ್ನ ಅಭಿಪ್ರಾಯದ ಕೆಳಗೆ ಯಾವುದೋ ದೇಶದ ಅಪರಿಚಿತನೊಬ್ಬ ಬರೆದಿದ್ದ: "ಕೆಮ್ಮು ನನಗೆ ಕೇಳಿಸಿಲ್ಲ. ಆದರೆ ನಿನ್ನೆಯಿಂದ ಆ ಗಣಿಯಲ್ಲಿ ಯಾರೋ ಗುಟುಕು ಗುಟುಕಾಗಿ ನೀರು ಕುಡಿಯುತ್ತಿದ್ದಾರೆ."