ಒಂದು ಸೇರು ಬಲ, ಐದು ಮಂದಿ ವೀರರು

"ಸಾವೇ ಇಲ್ಲದವ್ನ ಜೋಡಿ ಹೆಂಗ್ರಿ ಹೊಡದಾಡೋದು? ನಿಮ್ಮ ಸರದಾರ ವೀರ ಅಲ್ಲ, ಹೇಡಿ."

ಸಿಂಧನೂರಿನ ರೈಸ್‌ಮಿಲ್ಲಿನ ಕಣದಲ್ಲಿ ಕೂತಿದ್ದ ಗಂಡಸರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಹುಡುಗಿಯ ಹೆಸರು ಆದಮ್ಮ. ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಸಿಂಧನೂರಿನಲ್ಲಿ ಬಿ.ಎ. ಓದುತ್ತಿದ್ದಳು. ಮಸ್ಕಿ ತಂಡದ ಪರವಾಗಿ ಈ ಆಟದ ಸಭೆಗೆ ಬಂದಿದ್ದಳು; ಅಲ್ಲಿದ್ದ ಹುಡುಗಿ ಅವಳೊಬ್ಬಳೇ.

ಹೇಡಿ ಎನಿಸಿಕೊಂಡ ಸರದಾರನನ್ನು ಹುಟ್ಟಿಸಿದವನು ಎದುರಿಗೇ ಕೂತಿದ್ದ. ಲಿಂಗಸುಗೂರಿನ ಪಂಪಣ್ಣ, ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿಯವನು. ಸಿಟ್ಟಾಗುವುದು ಬಿಟ್ಟು ಅವನು ನಕ್ಕುಬಿಟ್ಟ.

ಆ ನಗು ಕಂಡು ಆದಮ್ಮನ ಸಿಟ್ಟು ನೆತ್ತಿಗೇರಿತು. ಯಾಕೋ... ಎದೆಯೂ ಢವಢವ ಎಂದಿತು.

ಇದು 1993ರ ಮಾತು. ಈ ಕಡೆ ಆಗ 'ವೀರರ ಕಾಳಗ' ಎಂಬ ಆಟದ ಹುಚ್ಚು ಹತ್ತಿತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರೂ ಊರಿನ ತಂಡಗಳು ಮನಸ್ಸಿನಲ್ಲೇ ಐದೈದು ವೀರರನ್ನು ಕಟ್ಟಿಕೊಂಡು ಬರಬೇಕು. ಇಬ್ಬರು ವೀರರು ಎದುರಾದರೆ ಅವರವರ ಕಡೆಯವರು ಸರದಿಯ ಮೇಲೆ ಕಥೆ ಹೇಳುತ್ತಾ ಹೊಡೆದಾಡಿಸಬೇಕು. ಬಯಲಾಟ ಕಲಿಸುತ್ತಿದ್ದ ಮುದುಕ ಬುಡ್ಡೇಸಾಬ್ ತೀರ್ಪು ಕೊಡುವವರು. ಹೋದ ವರ್ಷ ಪಂಪಣ್ಣನ 'ಸಾವಿಲ್ಲದ ಸರದಾರ' ಕಡಿದರೂ ಸಾಯದೆ, ಸುಟ್ಟರೂ ಸಾಯದೆ ಮಸ್ಕಿಯವರನ್ನು ಸೋಲಿಸಿದ್ದ. ಆದಮ್ಮನ ಅಣ್ಣ ಗೋಪಣ್ಣ ಸೋತು ಬಂದು ಎರಡು ಹೊತ್ತು ಊಟ ಬಿಟ್ಟಿದ್ದ.

"ಹುಡುಗಿ ಮಾತು ಖರೇ ಐತಿ," ಎಂದರು ಬುಡ್ಡೇಸಾಬ್. "ಆಟದಾಗ ಇನ್ಸಾಫ್ ಇರಬೇಕು, ನ್ಯಾಯ ಇರಬೇಕು. ನೀವಿಬ್ರೂ ಜಗಳಾಡೋರು, ಕೂತು ನೇಮ ನೀವೇ ಕಟ್ರಿ."

ಬೇವಿನ ಗಿಡದ ಕೆಳಗೆ ಇಬ್ಬರೂ ಎದುರುಬದುರು ಕೂತರು. ಗೋಪಣ್ಣ ಸ್ವಲ್ಪ ದೂರದಲ್ಲಿ ಕಾವಲಿದ್ದ.

"ಎಲ್ಲಾ ತಂಡಕ್ಕೂ ಬಲ ಒಂದೇ ಸಮ ಇರಬೇಕ್ರಿ," ಎಂದಳು ಆದಮ್ಮ.

"ಬಲ ಹೆಂಗ ಅಳೀತೀರಿ?"

ಅವಳು ಸುತ್ತ ನೋಡಿದಳು. ಕಣದ ತುಂಬ ಹೊಸ ಭತ್ತ ಬಿಸಿಲಿಗೆ ಬಿದ್ದಿತ್ತು.

"ಭತ್ತದಾಗ! ತಂಡಕ್ಕ ಒಂದು ಸೇರು. ಅದನ್ನ ಐದು ಬಟ್ಟಲಕ್ಕ ಹಂಚ್ರಿ. ಯಾರ ಬಟ್ಟಲದಾಗ ಎಷ್ಟು ಭತ್ತೋ ಅವ್ರಿಗೆ ಅಷ್ಟು ಬಲ. ಒಬ್ಬವ್ಗ ಜಾಸ್ತಿ ಕೊಟ್ರ ಉಳದ ನಾಕು ಮಂದಿ ಬಡಕಲಾಗ್ತಾರ."

ಪಂಪಣ್ಣನ ಕಣ್ಣು ಅರಳಿತು. "ಭಾಳ ಚಲೋ ಐತ್ರಿ ಇದು... ಮತ್ತ?"

ಮತ್ತೆ ನಿಲ್ಲಲೇ ಇಲ್ಲ. ಇಬ್ಬರ ಮಾತೂ ಕಾಲುವೆಗೆ ನೀರು ಬಿಟ್ಟಂತೆ ಹರಿಯಿತು. ಸೇರನ್ನು ಗುಪ್ಪೆ ಬರುವಂತೆ ತುಂಬಬಾರದು, ಅಂಚಿಗೆ ಕೈ ಎಳೆದು ಸಮ ಮಾಡಬೇಕು ಎಂದಳು ಅವಳು. ಪ್ರತಿ ವೀರನಿಗೂ ಒಂದು ಕೊರತೆ ಇರಬೇಕು, ಅದನ್ನು ಕಾಳಗಕ್ಕೆ ಮೊದಲು ಎಲ್ಲರೆದುರು ಹೇಳಬೇಕು ಎಂದ ಅವನು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಆದ್ರ ನನ್ನ ಸರದಾರಗ ಕೊರತೀನೇ ಇಲ್ಲಲ್ರೀ..."

"ಹುಡುಕ್ರಿ. ಸಿಗತೈತಿ."

"ಮತ್ತ ಭತ್ತ ಜಾಸ್ತಿ ತಂದ ತಂಡಕ್ಕ?"

"ಆಟದಿಂದ ಹೊರಗ."

"ಒಂದು ಸಲ ಮಾಫಿ?"

"ಮಾಫಿ ಇಟ್ರ ನೇಮ ಯಾಕ್ ಬೇಕ್ರಿ?"

ಪಂಪಣ್ಣ ಕೈಮುಗಿದ. ಆ ಸಂಜೆ ಮಸ್ಕಿ ಬಸ್ಸಿನ ಕಿಟಕಿಯಲ್ಲಿ ಕೂತು ಆದಮ್ಮ ತನ್ನಷ್ಟಕ್ಕೇ ನಕ್ಕಳು. 'ಹೇಡಿ ಅಂದೆನಲ್ಲ... ಬೇಜಾರಾಗಿರಬಹುದಾ?' ಗೋಪಣ್ಣ ಏನೆಂದು ಕೇಳಿದ್ದಕ್ಕೆ ಹಲ್ಲುನೋವು ಎಂದಳು.

ತಿಂಗಳು ಕಳೆದು ಕಾಳಗದ ದಿನ ಬಂತು, ಕಣದ ತುಂಬ ಜನ. ಎತ್ತಿನ ಬಂಡಿ ಕಟ್ಟಿಕೊಂಡು ಗೊರೇಬಾಳದವರೂ ಬಂದಿದ್ದರು. ಹೆಂಗಸರು ಒಂದು ಬದಿಗೆ ಕೂತಿದ್ದರು. ಲಿಂಗಸುಗೂರಿನ ಐದು ಬಟ್ಟಲುಗಳ ಹಿಂದೆ ಇಸ್ತ್ರಿ ಅಂಗಿ ತೊಟ್ಟು ಪಂಪಣ್ಣ ನಿಂತಿದ್ದ. ಅವನು ನೋಡಿದರೆ ಇವಳು ನೆಲ ನೋಡುವಳು, ಇವಳು ನೋಡಿದರೆ ಅವನು ಆಕಾಶ ನೋಡುವನು.

ಬುಡ್ಡೇಸಾಬ್ ಒಂದೊಂದು ತಂಡದ ಭತ್ತವನ್ನೂ ಸೇರಿಗೆ ಸುರಿದು ನೋಡಿದರು. ಸಿಂಧನೂರಿನದು ಸಮ. ಮಸ್ಕಿಯದೂ ಸಮ. ಲಿಂಗಸುಗೂರಿನ ಐದನೆಯ ಬಟ್ಟಲು ಸುರಿಯುತ್ತಿದ್ದಂತೆ ಸೇರು ತುಂಬಿ, ಗುಪ್ಪೆಯಾಗಿ, ಕಾಳು ನೆಲಕ್ಕೆ ಚೆಲ್ಲಿತು.

ಕಣವೆಲ್ಲ ಗುಲ್ಲೆದ್ದಿತು.

"ಮೋಸ! ನೇಮ ಕಟ್ಟಿದಾವ್ನೇ ಮೋಸ ಮಾಡ್ಯಾನ!"

ಪಂಪಣ್ಣನ ಮುಖ ಬಿಳಿಚಿತು. ಬುಡ್ಡೇಸಾಬ್ ಆದಮ್ಮನ ಕಡೆ ತಿರುಗಿದರು. "ನೇಮ ನಿಂದು. ನೀನೇ ಹೇಳವ್ವ."

ಅವಳಿಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. 'ನೀವು ಹೀಗೆ ಮಾಡ್ತೀರಿ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ...' ಅವನು ಏನಾದರೂ ಹೇಳಲಿ ಎಂದು ಕಾದಳು. ಅವನು ಹೆಂಗಸರ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ, ತುಟಿ ಬಿಚ್ಚಲಿಲ್ಲ.

"ಲಿಂಗಸುಗೂರು... ಹೊರಗ," ಎಂದಳು.

ಅವನು ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟುಕೊಳ್ಳತೊಡಗಿದ. ಆಗಲೇ ಹೆಂಗಸರ ನಡುವಿನಿಂದ ಒಬ್ಬಾಕೆ ಎದ್ದು ಬಂದು ಆದಮ್ಮನ ಕೈ ಹಿಡಿದರು.

"ನಾ ಪಂಪಣ್ಣನ ಅವ್ವ, ಸೂಗಮ್ಮ. ಭತ್ತ ಅಳದಾಕಿ ನಾನವ್ವ. ನನ್ ಮಗಗ ಗೊತ್ತಿಲ್ಲ."

"ಹೆಚ್ಚಿಗಿ ಯಾಕ ಹಾಕಿದ್ರಿ?"

"ತಿಂಗಳಿಂದ ಅವ್ನ ಬಾಯಾಗ ಒಂದೇ ಮಾತು... ಮಸ್ಕಿ ಹುಡುಗಿ ಹಿಂಗಂದ್ಳು, ಮಸ್ಕಿ ಹುಡುಗಿ ಹಂಗಂದ್ಳು. ಮನ್ನೆ ಬಂದು, ಅವ್ವಾ, ಮಸ್ಕಿ ಹುಡುಗಿ ಒಂದು ಸೇರು ಭತ್ತ ತರಾಕ ಹೇಳ್ಯಾಳ ಅಂದ. ನಿಮ್ಮನಿಗೇ ಕೊಡಾಕ ಅನ್ಕೊಂಡೆ. ಸೊಸಿ ಆಗಿ ಬರೋ ಹುಡುಗಿ ಮನಿಗೆ ಹೋಗೋ ಕಾಳನ್ನ ಕೈ ಎಳದು ಅಳೀತಾರೇನವ್ವ? ಗುಪ್ಪಿ ಬರಂಗ ಅಳದು ಕೊಟ್ಟೆ."

ಅವನ ಮೌನ ಈಗ ಆದಮ್ಮನಿಗೆ ಅರ್ಥವಾಯಿತು. ಹೆತ್ತವಳತ್ತ ಊರೆಲ್ಲ ಬೆರಳು ತೋರಿಸಬಾರದೆಂದು ಕಳ್ಳನ ಹೆಸರು ತಾನೇ ಹೊತ್ತುಕೊಂಡಿದ್ದ. 'ಇವರನ್ನಾ ನಾನು ಹೇಡಿ ಅಂದಿದ್ದು?' ಕಣ್ಣು ತುಂಬಿಬಂತು.

"ಮಾಸ್ತರ್ರೀ," ಎಂದಳು ಬುಡ್ಡೇಸಾಬರಿಗೆ, ಎಲ್ಲರಿಗೂ ಕೇಳುವಂತೆ. "ನನ್ನ ನೇಮದಾಗೇ ಕೊರತಿ ಐತಿ. ಮೋಸಕ್ಕೂ ಪ್ರೀತಿಗೂ ಅದು ಫರಕ್ ಮಾಡಲಿಲ್ಲ. ಹೆಚ್ಚಾಗಿದ್ದನ್ನ ತಗಿಸ್ರಿ, ಅವ್ರು ಆಡ್ಲಿ."

ಸೂಗಮ್ಮನವರಿಂದ ವಿಷಯ ಕೇಳಿ ಬುಡ್ಡೇಸಾಬ್ ಗಡ್ಡದೊಳಗೇ ನಕ್ಕರು. "ಯಾವ ವೀರನ ಬಟ್ಟಲದಾಗಿಂದ ತಗೀತೀ ಪಂಪಣ್ಣ?"

ಅವನು ಭತ್ತವನ್ನು ಮತ್ತೆ ಬಟ್ಟಲುಗಳಿಗೆ ಹಂಚಿ, ಸಾವಿಲ್ಲದ ಸರದಾರನ ಬಟ್ಟಲನ್ನು ಪೂರ್ತಿ ಬರಿದು ಮಾಡಿದ.

ಕೊನೆಯ ಜೋಡಿ ಆದಮ್ಮ, ಪಂಪಣ್ಣ ಇವರದೇ ಬಂತು. ಆದಮ್ಮ ತನ್ನ ವೀರವನಿತೆಯ ಕೊರತೆ ಹೇಳಿದಳು. "ನಮ್ಮ ಕಾಲುವೆ ಕೆಂಚಿ ಹರಿಯೋ ನೀರು ತಿರುಗಿಸ್ತಾಳ. ಆದ್ರ ಹಸದವ್ರನ್ನ ಕಂಡ್ರ ಮುಂದ ಹೆಜ್ಜಿ ಇಡಂಗಿಲ್ಲ."

ಪಂಪಣ್ಣ ಗಂಟಲು ಸರಿಮಾಡಿಕೊಂಡ. "ಸರದಾರನ ಕೊರತಿ ಸಿಕ್ಕೈತ್ರಿ. ಕತ್ತಿಗೆ ಸಾಯಂಗಿಲ್ಲ, ಬೆಂಕಿಗೆ ಸಾಯಂಗಿಲ್ಲ. ಆದ್ರ... ಮಸ್ಕಿ ಕಡಿಂದ ಬಸ್ ಬಂತಂದ್ರ ಕತ್ತಿ ಕೆಳಗಿಟ್ಟು ಎದ್ದು ನೋಡ್ತಾನ."

ಕಣವೆಲ್ಲ ಹೋ ಎಂದು ನಕ್ಕಿತು. ಗೋಪಣ್ಣ ಮಾತ್ರ ಯಾಕೆಂದು ತಿಳಿಯದೆ ಎಲ್ಲರ ಮುಖ ನೋಡಿದ. ಆದಮ್ಮನ ಕಿವಿ ಕೆಂಪಾಯಿತು.

"ಕೆಂಚವ್ವಾ," ಎಂದ ಪಂಪಣ್ಣ, ಖಾಲಿ ಬಟ್ಟಲು ಮುಂದೆ ಚಾಚಿ. "ಸರದಾರ ಹಸದಾನ."

ಅವಳದೇ ವೀರವನಿತೆ, ಅವಳದೇ ಕೊರತೆ. ತಪ್ಪಿಸಿಕೊಳ್ಳುವಂತಿರಲಿಲ್ಲ. ಕೆಂಚಿಯ ಬಟ್ಟಲಿನ ಭತ್ತದಲ್ಲಿ ಅರ್ಧ ತೆಗೆದು ಆದಮ್ಮ ಅವನ ಬಟ್ಟಲಿಗೆ ಸುರಿದಳು.

"ಇಬ್ರೂ ಸಮ," ಎಂದು ತೀರ್ಪು ಕೊಟ್ಟರು ಬುಡ್ಡೇಸಾಬ್.

ಸಂಜೆ ಮಸ್ಕಿ ಬಸ್ಸು ಹೊರಡುವ ಮೊದಲು ಪಂಪಣ್ಣ ಕಿಟಕಿಯ ಹತ್ತಿರ ಬಂದು ನಿಂತ.

"ಸಿಟ್ಟಾಗೀರೇನ್ರಿ?"

"ಸರದಾರನ ಕೊರತಿ... ಆಟಕ್ಕ ಹೇಳಿದ್ರೇನು?"

"ಇಲ್ರಿ. ನಂದೇ ಅದು. ನೀವಂದ್ರ ನನಗ ಜೀವ ರೀ." ಅವನ ದನಿ ಇಳಿಯಿತು. "ಅವ್ವನ್ನ ಕರಕೊಂಡು ನಿಮ್ಮನಿಗೆ ಬರ್ಲೇನು?"

ಬಸ್ಸು ಗುರ್ ಎಂದಿತು. ಆದಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಮೊದಲ ಸಲ ಅವನನ್ನು ಕಣ್ಣಿಟ್ಟು ನೋಡಿದಳು.

"ಬರ್ರಿ," ಎಂದಳು. "ಬರೋವಾಗ ನಿಮ್ಮವ್ವಗ ಹೇಳ್ರಿ... ಈ ಸಲಾನೂ ಸೇರಿಗೆ ಕೈ ಎಳೀಬ್ಯಾಡ ಅಂತ."