ಪಂಚಮಿ ದಿನದ ಬಿಸಿರೊಟ್ಟಿ

ನಾಗರಪಂಚಮಿಯ ಮರುದಿನ ಬೆಳಿಗ್ಗೆ ಹತ್ತೂವರೆಗೆ ಶಿವಕಾಂತಮ್ಮ ಮಗ ಶಾಂತಕುಮಾರನೊಂದಿಗೆ ಸೇಡಂ ಠಾಣೆಗೆ ಬಂದರು. ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ಆ ವಿಧವೆಯ ಕೈರುಚಿ ಗೊತ್ತಿಲ್ಲದವರು ಊರಲ್ಲಿ ಕಡಿಮೆ. ಇನ್ಸ್‌ಪೆಕ್ಟರ್ ರಾಜೇಶ್ವರಿ ಕೂಡ ಆಗಾಗ ಅಲ್ಲಿಂದಲೇ ಡಬ್ಬಿ ತರಿಸುತ್ತಿದ್ದರು.

"ಕುಂದ್ರಿ ಅಮ್ಮಾ. ಏನಾಯ್ತು?"

"ಊಟದಾಗ ಹಲ್ಲಿ ಹಾಕಿ ಬಡಸ್ತೀನಂತ್ರಿ ನಾನು. ನಿನ್ನಿ ಸಂಜಿಂದ ಒಬ್ಬರೂ ಹೊಸ್ತಿಲಾ ತುಳದಿಲ್ಲ. ನಮ್ಮ ಮನಿ ನಡೆಯೂದು ಅದರ ಮ್ಯಾಲೇ ಅದರಿ."

ಶಾಂತಕುಮಾರ ಮೊಬೈಲ್ ಮುಂದೆ ಹಿಡಿದ. ಸ್ಟೀಲ್ ತಾಟಿನಲ್ಲಿ ಬದನೆಕಾಯಿ ಪಲ್ಯ, ಅದರ ಮೇಲೆ ಸತ್ತ ಹಲ್ಲಿ, ಪಕ್ಕದಲ್ಲಿ ಹೊಗೆಯಾಡುವ ರೊಟ್ಟಿ. 'ಇಂದು ಮಧ್ಯಾಹ್ನ ಶಿವಕಾಂತಮ್ಮನ ಖಾನಾವಳಿಯಲ್ಲಿ' ಎಂಬ ದಪ್ಪ ಅಕ್ಷರ. ಚಿತ್ತಾಪುರದ ಮಹೇಶಕುಮಾರ ಎಂಬವನ ಸುದ್ದಿ ಪುಟದಲ್ಲಿ ಪಂಚಮಿಯ ದಿನ ಬಂದ ವಿಡಿಯೊ ಅದು. ರಾಜೇಶ್ವರಿ ವಿಡಿಯೊವನ್ನು ಎರಡು ಸಲ ನೋಡಿದರು. ಎರಡನೇ ಸಲ ಕಣ್ಣು ಹಲ್ಲಿಯನ್ನು ಬಿಟ್ಟು ರೊಟ್ಟಿಯ ಮೇಲೆ ನಿಂತಿತು. ಅವರೂ ಇದೇ ಸೀಮೆಯ ತೆಂಗಳಿ ಎಂಬ ಊರಿನ ಹೆಣ್ಣುಮಗಳು, ಪಂಚಮಿಯ ರೂಢಿ ಬಲ್ಲವರು.

"ನಿನ್ನಿ ರೊಟ್ಟಿ ಸುಡಾಕ ಹಂಚು ಇಟ್ಟಿದ್ರೇನು?"

"ಏನ್ ಮಾತ್ರಿ ಮೇಡಂ! ಪಂಚಮಿ ದಿನ ಒಲಿ ಮ್ಯಾಲ ಹಂಚು ಇಡ್ತಾರೇನು? ಕಡಬು, ಅನ್ನ, ಸಾರು ಬಡಿಸೀನಿ."

"ಹಂಗಾದ್ರ ಈ ಬಿಸಿರೊಟ್ಟಿ ನಿನ್ನಿದಲ್ಲ. ಯಾರ ಜೋಡಿಯರೆ ಜಗಳ ಅದಾವೇನು?"

"ಇಲ್ರಿ," ಎಂದರು ತಾಯಿ. ಮಗನೂ ತಲೆಯಾಡಿಸಿದ.

ಮಾನಹಾನಿಗಾಗಿ ಸುಳ್ಳು ವಿದ್ಯುನ್ಮಾನ ದಾಖಲೆ ಸೃಷ್ಟಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಖಾನಾವಳಿಯ ಪಂಚನಾಮೆ ನಡೆಯಿತು. ಅಡುಗೆಮನೆ ಕನ್ನಡಿಯಂತಿತ್ತು. ತಾಟು, ಬೆಂಚು ಎರಡೂ ವಿಡಿಯೊದಲ್ಲಿದ್ದವೇ. ಚಿತ್ರ ತೆಗೆದದ್ದು ಇಲ್ಲೇ, ಆದರೆ ಬೇರೆ ದಿನ. ಕಾನ್‌ಸ್ಟೆಬಲ್ ಸೊಹೇಲ್ ವಿಡಿಯೊ ನಿಲ್ಲಿಸಿ ಹಲ್ಲಿಯನ್ನು ದೊಡ್ಡದು ಮಾಡಿ ತೋರಿಸಿದ. ಅದರ ಮೈಗೆ ಎಣ್ಣೆಯ ಹನಿಯಿಲ್ಲ, ಒಣಗಿ ಸೆಟೆದಿತ್ತು. ಪಲ್ಯದಲ್ಲಿ ಬೆಂದ ಹಲ್ಲಿ ಹಾಗಿರುವುದಿಲ್ಲ, ಯಾರೋ ತಂದು ಮೇಲೆ ಇಟ್ಟದ್ದು ಎಂದು ರಾಜೇಶ್ವರಿ ಬರೆಸಿದರು.

ಮಹೇಶಕುಮಾರ ಚಿತ್ತಾಪುರದಲ್ಲಿ ಝೆರಾಕ್ಸ್ ಅಂಗಡಿಯಲ್ಲೇ ಕೂತು ಆ ಪುಟ ನಡೆಸುತ್ತಿದ್ದ. ಪೊಲೀಸರನ್ನು ಕಂಡು ಚಹಾ ಹೇಳಲು ಹೋದ.

"ಚಹಾ ಬ್ಯಾಡ. 'ಇಂದು' ಅಂತ ಬರೆದವರು ಯಾರು?"

"ನಾನೇ ರಿ."

"ಇಂದಿನದು ಅಂತ ಹ್ಯಾಂಗ ಗೊತ್ತು?"

"ಗೊತ್ತಿಲ್ರಿ. ಹಳೇದು ಅಂದ್ರ ಯಾರು ನೋಡ್ತಾರ?"

"ಆ ಅಮ್ಮಗ ಒಂದು ಮಾತು ಕೇಳಿದ್ದೇನು?"

ಅವನು ಕೇಳಿರಲಿಲ್ಲ. ಸಾವಿರಾರು ಜನ ನೋಡಿದ್ದರೆಂಬುದು ಮಾತ್ರ ಅವನಿಗೆ ಬಾಯಿಪಾಠವಾಗಿತ್ತು. ವಿಡಿಯೊ ಕಳಿಸಿದವರ ನಂಬರು ಕೊಟ್ಟ. ಎರಡನೇ ಆರೋಪಿಯೆಂದು ಪೊಲೀಸರು ತನ್ನ ಹೆಸರು ಬರೆದುಕೊಳ್ಳುವಾಗ ಅವನ ಮುಖ ಕಪ್ಪಿಟ್ಟಿತು.

ಮರುದಿನ ವಿವರ ಬಂತು. ಸಿಮ್ ವಾಡಿಯ ಹಣಮಮ್ಮ ಎಂಬವರ ಹೆಸರಿನಲ್ಲಿತ್ತು, ಬಳಸುತ್ತಿದ್ದವನು ಆಕೆಯ ಗಂಡ ಭಾಗಣ್ಣ. ರೈಲಿನಲ್ಲಿ ಸೇಡಂಗೆ ಬಂದು ಬೇಳೆ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ. ರಾಜೇಶ್ವರಿ ವಾಡಿಗೆ ಹೋದಾಗ ಅವನು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲಷ್ಟು ಅಗಲದ ಆಳು, ಓಡಲಿಲ್ಲ.

"ವಿಡಿಯೊ ನೀನೇ ಕಳಿಸಿದ್ದೇನು?"

"ಹೌದ್ರಿ."

"ಹಲ್ಲಿ?"

"ಮಿಲ್ಲಿನ ಗ್ವಾಡಿ ಮಗ್ಗಲ ಸತ್ತು ಬಿದ್ದಿತ್ತು. ಕಾಗದದಾಗ ಸುತ್ತಕೊಂಡು ಉಣ್ಣಾಕ ಹೋದೆ. ವಿಡಿಯೊ ತೆಗೆದು ಭಾಳ ದಿನ ಇಟಗೊಂಡಿದ್ದೆ, ಕಳಸಾಕ ಮನಸ್ಸಾಗಿರಲಿಲ್ಲ."

"ಮತ್ತ ಯಾಕ ಕಳಿಸ್ದಿ?"

ಅವನು ತನ್ನ ಮೊಬೈಲ್ ಕೊಟ್ಟ. ಅದರಲ್ಲೊಂದು ರೀಲ್ ಇತ್ತು. ಭಾಗಣ್ಣ ಅದೇ ಬೆಂಚಿನ ಮೇಲೆ ರೊಟ್ಟಿ ಮೇಲೆ ರೊಟ್ಟಿ ತಿನ್ನುತ್ತಿದ್ದಾನೆ, ಯಾರೋ ಎದುರಿನಿಂದ ಚಿತ್ರ ತೆಗೆಯುತ್ತಿದ್ದಾರೆಂಬ ಅರಿವಿಲ್ಲ. ಹಿಂದೆ ನಗುವಿನ ಸದ್ದು, ಕೆಳಗೆ 'ರೊಟ್ಟಿ ರಾಕ್ಷಸ'. ಹಾಕಿದವನು ಶಾಂತಕುಮಾರ.

"ದಿನಾ ಚೀಲ ಹೊರತೀನ್ರಿ, ಹೊಟ್ಟಿ ಕೇಳತದ. ರೈಲಿನ್ಯಾಗ ಮಂದಿ ರಾಕ್ಷಸ ಬಂದ ಅಂತ ನಗತಾರ. ಅದನ್ನೂ ತಡಕೊಂಡೆ. ನನ ಮಗಳು ಶ್ರುತಿ ಶಹಾಬಾದಿನ್ಯಾಗ ಕಾಲೇಜು ಕಲಿಯಾಕತ್ತಾಳ. ಪಂಚಮಿಗಿ ಕರಕೊಂಡು ಬರಲೇನು ಅಂದ್ರ, ಅಪ್ಪಾ, ನೀ ಕಾಲೇಜಿಗಿ ಬರಬ್ಯಾಡ ಅಂದಳು. ಅವತ್ತು ಕಳಿಸಿಬಿಟ್ಟೆ."

ಸಂಜೆ ನಾಲ್ಕು ಗಂಟೆಗೆ ಬಂಧನ ದಾಖಲಿಸಿ ಅವನನ್ನು ಠಾಣೆಗೆ ತಂದರು. ಜಾಮೀನು ಸಿಗುವ ಕಲಮು, ಶೂರಿಟಿ ಕೊಡುವವರು ಬರುವ ತನಕ ಕೂರಬೇಕಿತ್ತು. ರಾಜೇಶ್ವರಿ ತಾಯಿ ಮಗನನ್ನು ಕರೆಸಿ ರೀಲ್ ತೋರಿಸಿದರು. ಶಿವಕಾಂತಮ್ಮ ಅದನ್ನು ನೋಡಿದ್ದು ಅದೇ ಮೊದಲು.

"ಮಜಾಕ್‌ಗಿ ಹಾಕಿದ್ದೆ ರಿ," ಎಂದ ಶಾಂತಕುಮಾರ. "ಖಾನಾವಳಿ ಹೆಸರಾಗ್ಲಿ ಅಂತ. ಈಗ ತೆಗದುಬಿಟ್ಟೀನಿ."

"ನೀ ತೆಗದ್ರ ಏನಾಯ್ತಪ್ಪ, ಮಂದಿ ಮೊಬೈಲಿನ್ಯಾಗ ಉಳದಾವಲ್ಲ," ಎಂದ ಸೊಹೇಲ್.

ಶಿವಕಾಂತಮ್ಮ ಮಗನ ಮುಖ ನೋಡುತ್ತ ಕೂತರು. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು ಅವರಿಗೆ. "ನಾ ಬಡಿಸಿದ್ದು ಹೊಟ್ಟಿ ತುಂಬ ಉಣ್ಣಲಿ ಅಂತ. ನೀ ಅವನ ತುತ್ತು ಎಣಿಸಿ ಊರಿಗೆ ತೋರಿಸ್ದಿ," ಎಂದರು. ದೂರು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ತನ್ನ ಇಜ್ಜತ್ತೂ ಹೋಗಿದೆಯಲ್ಲ, ಸತ್ಯ ಕಾಗದದ ಮೇಲೆ ಬರಲಿ ಎಂದರು. ಏಳುವಾಗ, "ಅವನ ಊಟ ಆಗ್ಯಾದೇನ್ರಿ?" ಎಂದು ಕೇಳಿದರು.

ಏಳು ಗಂಟೆಗೆ ಅವರೇ ಡಬ್ಬಿ ಹಿಡಿದು ಬಂದರು. ಬಟ್ಟೆಯಲ್ಲಿ ಸುತ್ತಿದ ಬಿಸಿರೊಟ್ಟಿ, ಪುಂಡಿಪಲ್ಯ. ಭಾಗಣ್ಣನ ಮುಂದಿಟ್ಟು, ಹೊರಗಿನ ಬೆಂಚಿಗೆ ಹೋಗಿ ಕೂತರು. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆದರೂ ಕೈ ಮುಂದೆ ಬರಲಿಲ್ಲ. ಟೇಬಲಿನ ಮೇಲಿದ್ದ ಮೊಬೈಲುಗಳನ್ನು, ಆಮೇಲೆ ಬಾಗಿಲನ್ನು ನೋಡಿದ.

"ಉಣ್ಣು ಭಾಗಣ್ಣ, ಆರತದ," ಎಂದರು ರಾಜೇಶ್ವರಿ.

"ಬಾಗಲಾ ಮುಚ್ರಿ ಮೇಡಂ. ಆಮ್ಯಾಲ ಉಣತೀನಿ."

ರಾಜೇಶ್ವರಿ ತಮ್ಮ ಮೊಬೈಲನ್ನೂ ಸೊಹೇಲನದನ್ನೂ ಡ್ರಾಯರಿನೊಳಗೆ ಹಾಕಿದರು. ಎದ್ದು ಹೋಗಿ ಬಾಗಿಲು ಮುಚ್ಚಿದರು. ಬೆನ್ನು ತಿರುಗಿಸಿಕೊಂಡೇ ಕೇಸ್ ಡೈರಿ ಬರೆಯತೊಡಗಿದರು.